ಬೇಸ್ ಗಿಟಾರಿನ ಕುದುರೆ ಬದಲಿಸುವ ಮೊದಲು

ಪ್ರಶ್ನೆ: ಸರ್, ನಾನು ಮಂಗಳೂರಿನವನು. ಚರ್ಚ್ ಕ್ವಾಯರ್‌ನಲ್ಲೂ ಮದುವೆ, ಉತ್ಸವಗಳ ಆರ್ಕೆಸ್ಟ್ರಾದಲ್ಲೂ ಬೇಸ್ ಗಿಟಾರ್ ನುಡಿಸುತ್ತೇನೆ. ಒಂಬತ್ತು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್ ಕೊಂಡ, ಅಮೆರಿಕದ ಫೆಂಡರ್ ಕಂಪನಿಯ ಜಾಝ್ ಬೇಸ್ ನಮೂನೆಯ ನಾಲ್ಕು ತಂತಿಯ ಗಿಟಾರ್ ನನ್ನದು. ನನ್ನದರ ಮೇಲೆ ಕಂಪನಿಯ ಹೆಸರು ಅಳಿಸಿಹೋಗಿದೆ. ತಂತಿಗಳ ತುದಿ ಹಿಡಿದಿರುವ ಬ್ರಿಡ್ಜ್ (ಕುದುರೆ) ಈಗ ಪೂರಾ ತುಕ್ಕು. ಕಾರ್ಯಕ್ರಮ ಅರ್ಧ ಆಗುವಷ್ಟರಲ್ಲಿ ಎಲ್ಲಕ್ಕಿಂತ ದಪ್ಪದ ಇ ತಂತಿ ಕೆಳಗಿಳಿದು ಫ್ರೆಟ್‌ಗೆ, ಅಂದರೆ ಕುತ್ತಿಗೆಯ ಮೇಲಿನ ಲೋಹದ ಮೆಟ್ಟಿಲಿಗೆ, ತಾಗಿ ಝರ್ ಎನ್ನುತ್ತದೆ. ಬರಿ ತಂತಿ ಶ್ರುತಿಯಲ್ಲಿದ್ದರೂ 12ನೇ ಫ್ರೆಟ್‌ನಲ್ಲಿ ಸ್ವರ ಏರಿರುತ್ತದೆ. ಎಲ್ಲಕ್ಕಿಂತ ತೆಳುವಾದ ಜಿ ತಂತಿಯ 6ನೇ ಫ್ರೆಟ್ ಹಿಡಿದರೆ ಸ್ವರ ಹುಟ್ಟಿದಲ್ಲೇ ಸಾಯುತ್ತದೆ. ಆಂಪ್‌ನಲ್ಲಿ ಗುಂಯ್ ಎನ್ನುವ ಸದ್ದು ಬೇರೆ, ತಂತಿ ಮುಟ್ಟಿದರೆ ನಿಲ್ಲುತ್ತದೆ. ಭಾರದ ಹಿತ್ತಾಳೆ ಬ್ರಿಡ್ಜ್ ಹಾಕಿದರೆ ಇದೆಲ್ಲ ಸರಿಹೋಗಿ ಸಸ್ಟೇನ್ (ಸ್ವರ ಉಳಿಯುವ ಹೊತ್ತು) ದುಪ್ಪಟ್ಟಾಗುತ್ತದೆ ಎಂದು ಗೆಳೆಯರು ಹೇಳುತ್ತಾರೆ. ಮರಕ್ಕೆ ಹೊಸ ತೂತು ಕೊರೆಯಬೇಕಾಗಬಹುದು ಅಂತ ಅಂಗಡಿಯವರು ಹೇಳಿದ ಮೇಲೆ ಭಯವಾಗಿದೆ. ಯಾವ ಬ್ರಿಡ್ಜ್ ಕೊಳ್ಳಲಿ? ನಾನೇ ಹಾಕಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕು ದೂರುಗಳಿವೆ. ನಾಲ್ಕಕ್ಕೂ ಒಂದೇ ಮದ್ದು ಎಂದು ನಿಮ್ಮನ್ನು ನಂಬಿಸಿದ್ದಾರೆ. ಮೊದಲು ಅವನ್ನು ಬಿಡಿಸಿ ಇಡೋಣ. ಇ ತಂತಿ ಇಳಿಯುವುದು ಬ್ರಿಡ್ಜಿನದೇ ದೋಷ, ಅನುಮಾನವಿಲ್ಲ. 12ನೇ ಫ್ರೆಟ್‌ನ ಅಪಶ್ರುತಿ ಬ್ರಿಡ್ಜಿನದಿರಬಹುದು, ಹಳೆಯ ತಂತಿಯದೂ ಇರಬಹುದು. ಜಿ ತಂತಿಯ ಸತ್ತ ಸ್ವರಕ್ಕೆ ಬ್ರಿಡ್ಜ್ ಕಾರಣವಲ್ಲ. ಗುಂಯ್ ಸದ್ದು ವೈರಿಂಗಿನ ಮಾತು. ಬೆಂಗಳೂರಿನ ನನ್ನ ರಿಪೇರಿ ಮೇಜಿಗೆ ಇಪ್ಪತ್ತು ವರ್ಷಗಳಿಂದ ಬೇಸ್‌ಗಳು ಬರುತ್ತಿವೆ. ‘ಬ್ರಿಡ್ಜ್ ಬದಲಿಸಿಕೊಡಿ’ ಎಂದು ಬಂದ ಎಷ್ಟೋ ಮಂದಿ ಹೊಸ ತಂತಿ ಹಾಕಿಸಿಕೊಂಡು, ಒಂದು ಒಳ್ಳೆಯ ಸೆಟಪ್, ಅಂದರೆ ತಂತಿಯ ಎತ್ತರ, ಶ್ರುತಿಗಳ ಹೊಂದಾಣಿಕೆ, ಮಾಡಿಸಿಕೊಂಡು ಹಳೆಯ ಬ್ರಿಡ್ಜಿನಲ್ಲೇ ಸಂತೋಷವಾಗಿ ಹೋಗಿದ್ದಾರೆ. ನಿಮಗೂ ಅಷ್ಟೇ ಸಾಕಾಗಬಹುದು. ಸಾಕಾಗದೆಯೂ ಹೋಗಬಹುದು, ಯಾಕೆಂದರೆ ಕರಾವಳಿಯ ಉಪ್ಪುಗಾಳಿ ಕಬ್ಬಿಣಕ್ಕೆ ಏನು ಮಾಡುತ್ತದೆಂದು ನಿಮಗೇ ಗೊತ್ತು.

ದುಪ್ಪಟ್ಟು ಸಸ್ಟೇನಿನ ಮಾತು ಎಲ್ಲಿಂದ ಬಂತೆಂದು ನೋಡಬೇಕು. ವೀಣೆ, ತಂಬೂರಿ, ಪಿಟೀಲಿನಲ್ಲಿ ನಾವು ಕುದುರೆ ಅನ್ನುತ್ತೇವಲ್ಲ, ಬ್ರಿಡ್ಜ್ ಅದೇ. ಅದರ ಮೇಲೆ ಒಂದೊಂದು ತಂತಿಯನ್ನು ಹೊರುವ ಪುಟ್ಟ ತುಂಡಿಗೆ ಸ್ಯಾಡಲ್, ಅಂದರೆ ಜೀನು, ಎಂದು ಹೆಸರು. ಕುದುರೆಗೆ ಜೀನು, ಹೆಸರೇನೋ ಚೆಂದಾಗಿ ಕೂಡಿತು. ಕೆಲಸ ಮಾತ್ರ ತಿರುವುಮುರುವು. ವೀಣೆಯ ಕುದುರೆ ತಂತಿಯ ಕಂಪನವನ್ನು ಕೊಡಕ್ಕೆ ದಾಟಿಸಬೇಕು, ದಾಟಿಸದಿದ್ದರೆ ನಾದವೇ ಇಲ್ಲ. ಎಲೆಕ್ಟ್ರಿಕ್ ಬೇಸಿನಲ್ಲಿ ತಂತಿಯ ಅಲುಗಾಟವನ್ನು ಪಿಕಪ್‌ನ ಅಯಸ್ಕಾಂತ ನೇರವಾಗಿ ಹಿಡಿಯುತ್ತದೆ. ಇಲ್ಲಿ ಕುದುರೆ ಮರಕ್ಕೆ ಎಷ್ಟು ಕಂಪನ ದಾಟಿಸುತ್ತದೋ ತಂತಿಯಲ್ಲಿ ಅಷ್ಟು ಕಡಿಮೆ ಉಳಿಯುತ್ತದೆ. ‘ಕಂಪನವನ್ನು ಗಿಟಾರಿನ ಮೈಗೆ ಚೆನ್ನಾಗಿ ದಾಟಿಸಿ ಸಸ್ಟೇನ್ ಹೆಚ್ಚಿಸುತ್ತದೆ’ ಎಂಬ ಜಾಹೀರಾತಿನ ಮಾತು ತನ್ನನ್ನೇ ತಾನು ಹೊಡೆದುಹಾಕುತ್ತದೆ. ಬೇಸಿನ ಕುದುರೆ ಮಾಡಬೇಕಾದ್ದು ಒಂದೇ: ತಂತಿಯ ತುದಿಯನ್ನು ಇಟ್ಟ ಜಾಗದಲ್ಲಿ, ಇಟ್ಟ ಎತ್ತರದಲ್ಲಿ ಅಲುಗದಂತೆ ಹಿಡಿದಿರುವುದು.

ಹಾಗಾದರೆ ಭಾರಕ್ಕೆ ಬೆಲೆಯೇ ಇಲ್ಲವೇ? ಸ್ವಲ್ಪ ಇದೆ. ಭಾರದ ಬ್ರಿಡ್ಜಿನಲ್ಲಿ ಸ್ವರದ ಆರಂಭ ತುಸು ಬಿಗಿಯಾಗಿ ಕೇಳಿಸುವುದನ್ನು ನಾನೂ ಕೇಳಿದ್ದೇನೆ. ಆದರೆ ನಾಲ್ಕು ಕಿಲೋ ಆಸುಪಾಸಿನ ಗಟ್ಟಿ ಮರದ ಗಿಟಾರಿಗೆ ಐದು ಸ್ಕ್ರೂ ಬಿಗಿದು ಕೂರಿಸಿದ ಬಾಗಿಸಿದ ತಗಡಿನ ಬ್ರಿಡ್ಜ್ ಕೂಡ ಸೆಕೆಂಡಿಗೆ 41 ಸಲ ಅಲುಗುವ ಇ ತಂತಿಗೆ ಬಂಡೆಯಷ್ಟೇ ಗಟ್ಟಿ. ತಂತಿಯ ಶಕ್ತಿ ಹೆಚ್ಚು ಸೋರುವುದು ಇನ್ನೊಂದು ತುದಿಯಲ್ಲಿ, ಉದ್ದಕ್ಕೆ ಚಾಚಿಕೊಂಡ ತೆಳು ನೆಕ್, ಅಂದರೆ ಕುತ್ತಿಗೆಯಲ್ಲಿ. ಚರಿತ್ರೆಯೂ ಇದನ್ನೇ ಹೇಳುತ್ತದೆ. ಅಮೆರಿಕದ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ಫೆಂಡರಿನ 1962ರ ಪ್ರಿಸಿಷನ್ ಬೇಸಿನ ಮಾಮೂಲಿ ತಗಡಿನ ಬ್ರಿಡ್ಜಿನಲ್ಲೇ, ಅದರ ಮುಚ್ಚಳದಡಿ ತಂತಿಗೆ ಒತ್ತಿಕೊಂಡ ಫೋಮಿನ ತುಂಡಿನೊಂದಿಗೆ, ಮೋಟೌನ್ ರೆಕಾರ್ಡ್ ಕಂಪನಿಯ ಹಾಡುಗಳನ್ನು ನುಡಿಸಿದರು. ಇನ್ನೊಬ್ಬ ಹೆಸರಾಂತ ಬೇಸ್ ವಾದಕ ಜ್ಯಾಕೋ ಪಾಸ್ಟೋರಿಯಸ್ ಅವರ 1962ರ ಜಾಝ್ ಬೇಸ್ ಹಾಡಿದ್ದೂ ತಗಡಿನ ಬ್ರಿಡ್ಜಿನಲ್ಲೇ. ಇನ್ನೊಂದು ಕಡೆ ಕೆನಡಾದ ರಶ್ ತಂಡದ ಗೆಡ್ಡಿ ಲೀ ತಮ್ಮ 1972ರ ಜಾಝ್ ಬೇಸಿಗೆ ಬ್ಯಾಡ್ಯಾಸ್ ಎಂಬ ಭಾರದ ಬ್ರಿಡ್ಜ್ ಹಾಕಿಸಿಕೊಂಡರು, ಆ ಬ್ರಿಡ್ಜಿಗೆ ಹೆಸರು ಬಂದದ್ದರಲ್ಲಿ ಅವರ ಪಾಲೂ ಇದೆ. ಮೂವರ ನಾದವೂ ಬೇರೆ ಬೇರೆ. ಅದರಲ್ಲಿ ಬೆರಳು, ತಂತಿ, ಪಿಕಪ್‌ಗಳ ಪಾಲು ಕಳೆದು ಬ್ರಿಡ್ಜಿಗೆಂದು ಎಷ್ಟು ಉಳಿಸುತ್ತೀರಿ?

‘ನನ್ನ ಕಿವಿಯಿಂದಲೇ ಕೇಳಿದೆ, ಬ್ರಿಡ್ಜ್ ಹಾಕಿದ ಮೇಲೆ ಗಿಟಾರೇ ಬೇರೆ ಆಯಿತು’ ಎನ್ನುವವರು ಸುಳ್ಳು ಹೇಳುತ್ತಿಲ್ಲ. ಬ್ರಿಡ್ಜ್ ಬದಲಿಸಿದ ದಿನವೇ ಅವರು ಎರಡು ವರ್ಷದ ಹಳೆಯ ತಂತಿ ತೆಗೆದು ಹೊಸದು ಹಾಕಿರುತ್ತಾರೆ, ಎತ್ತರ ಸರಿಮಾಡಿರುತ್ತಾರೆ, ಇಂಟೊನೇಷನ್, ಅಂದರೆ ಪ್ರತಿ ಫ್ರೆಟ್ಟಿನ ಶ್ರುತಿ, ಕೂಡಿಸಿರುತ್ತಾರೆ. ಬದಲಾದದ್ದು ನಾಲ್ಕು, ಕೀರ್ತಿ ಒಂದಕ್ಕೆ. ಅದಕ್ಕೇ ನನ್ನ ಮೊದಲ ಸಲಹೆ: ಬ್ರಿಡ್ಜ್ ಕೊಳ್ಳುವ ಮುಂಚೆ ಹೊಸ ತಂತಿ ಹಾಕಿ ಒಂದು ವಾರ ನುಡಿಸಿ ನೋಡಿ.

ಈಗ ಜಿ ತಂತಿಯ 6ನೇ ಫ್ರೆಟ್. ನೆಕ್‌ಗೆ ಅದರದೇ ಆದ ಕಂಪನದ ವೇಗವಿದೆ, ಹೊಡೆದ ತೊಲೆಗೆ ಇರುವ ಹಾಗೆ. ನೀವು ಹಿಡಿದ ಸ್ವರ ಆ ವೇಗದ ಹತ್ತಿರ ಬಂದಾಗ ನೆಕ್ ತಂತಿಯೊಂದಿಗೆ ಕುಣಿಯತೊಡಗಿ ಅದರ ಶಕ್ತಿಯನ್ನೆಲ್ಲ ಹೀರಿಕೊಳ್ಳುತ್ತದೆ. ಫೆಂಡರ್ ನಮೂನೆಯ, ಸ್ಕ್ರೂ ಬಿಗಿದು ಕೂರಿಸಿದ ಬೋಲ್ಟ್ ನೆಕ್‌ಗಳಲ್ಲಿ ಜಿ ತಂತಿಯ 5ರಿಂದ 7ನೇ ಫ್ರೆಟ್ ನಡುವೆ ಇಂಥ ಜಾಗ ಸಿಗುವುದು ಮಾಮೂಲು, ದುಬಾರಿ ಗಿಟಾರ್‌ಗಳಲ್ಲೂ ಸಿಗುತ್ತದೆ. ಅನುಮಾನವಿದ್ದರೆ ಪರೀಕ್ಷೆ ಮಾಡಿ. ಬಡಗಿಗಳ ಬಳಿಯ ಸಣ್ಣ ಸಿ-ಕ್ಲಾಂಪ್ ಒಂದನ್ನು ತನ್ನಿ, ಎರಡೂ ಬದಿಗೆ ಬಟ್ಟೆ ಇಟ್ಟು ನೆಕ್ ತುದಿಯ ಹೆಡ್‌ಸ್ಟಾಕಿಗೆ (ಗಿಟಾರಿನ ತಲೆಗೆ) ಹದವಾಗಿ ಕಚ್ಚಿಸಿ. ಈಗ 6ನೇ ಫ್ರೆಟ್ ನುಡಿಸಿ. ಸತ್ತಿದ್ದ ಸ್ವರಕ್ಕೆ ಜೀವ ಬಂದು, ಸಾವು ಒಂದೆರಡು ಫ್ರೆಟ್ ಕೆಳಕ್ಕೆ ಸರಿದಿರುತ್ತದೆ. ತುದಿಯ ತೂಕ ಹೆಚ್ಚಾಗಿ ನೆಕ್‌ನ ವೇಗ ತಗ್ಗಿತು, ಅಷ್ಟೇ ಆದದ್ದು. ಬ್ರಿಡ್ಜಿನ ಕಡೆ ನೀವು ಕೈಯನ್ನೇ ಹಾಕಲಿಲ್ಲ. ಈ ದೋಷಕ್ಕೆಂದು ಬ್ರಿಡ್ಜ್ ಕೊಂಡರೆ ದುಡ್ಡು ಹೋಗುತ್ತದೆ, ದೋಷ ಉಳಿಯುತ್ತದೆ. ಆ ಸ್ವರವೇ ಡಿ ತಂತಿಯ 11ನೇ ಫ್ರೆಟ್‌ನಲ್ಲೂ ಇದೆ. ಉದ್ದಕ್ಕೆ ಎಳೆಯಬೇಕಾದ ಕಡೆ ಅಲ್ಲಿ ಹಿಡಿಯಿರಿ.

ಇ ತಂತಿ ಇಳಿಯುವ ಸಂಗತಿಗೆ ಬರೋಣ. ನಿಮ್ಮ ನಿಜವಾದ ತೊಂದರೆ ಇದು, ಇದನ್ನು ಹತ್ತಿರದಿಂದ ನೋಡಬೇಕು. ಪ್ರತಿ ಸ್ಯಾಡಲ್ ಎರಡು ಪುಟ್ಟ ಗ್ರಬ್ ಸ್ಕ್ರೂಗಳ ಕಾಲಿನ ಮೇಲೆ ನಿಂತಿರುತ್ತದೆ. ಅಲೆನ್ ಕೀ, ಅಂದರೆ ಆರು ಮೂಲೆಯ ಸಣ್ಣ ಕೀ, ಹಾಕಿ ತಿರುಗಿಸಿದರೆ ಸ್ಯಾಡಲ್ ಏರುತ್ತದೆ, ಇಳಿಯುತ್ತದೆ. ನಾಲ್ಕು ತಂತಿಗಳ ಒಟ್ಟು ಸೆಳೆತ ಸುಮಾರು 75ರಿಂದ 80 ಕಿಲೋ, 25 ಕಿಲೋದ ಮೂರು ಅಕ್ಕಿ ಮೂಟೆ ಕಟ್ಟಿ ಎಳೆದಂತೆ. ಅದರಲ್ಲೊಂದು ಭಾಗ ಸದಾ ಸ್ಯಾಡಲ್ಲನ್ನು ಕೆಳಕ್ಕೆ ಒತ್ತುತ್ತಿರುತ್ತದೆ. ಸ್ಕ್ರೂವಿನ ಮರೆ, ಅಂದರೆ ಸುತ್ತುವ ಗೀರು, ಬಿಗಿಯಾಗಿದ್ದರೆ ಸ್ಯಾಡಲ್ ನಿಂತಲ್ಲಿ ನಿಲ್ಲುತ್ತದೆ. ಬೆವರು, ಉಪ್ಪು ಸೇರಿ ಮರೆ ತಿಂದುಹೋದರೆ ಇ ತಂತಿಯ ದೊಡ್ಡ ಅಲುಗಾಟಕ್ಕೆ ಸ್ಕ್ರೂ ತಾನಾಗಿ ತಿರುಗಿ ಇಳಿಯುತ್ತದೆ. ಒಂಬತ್ತು ವರ್ಷ ಬೆವರು ಕುಡಿದ ಬ್ರಿಡ್ಜ್ ಮಾಡುವುದು ಅದನ್ನೇ.

ಇದಕ್ಕೆ ಮೊದಲ ಪ್ರಯತ್ನ ಹೊಸ ಬ್ರಿಡ್ಜಲ್ಲ, ಹೊಸ ಗ್ರಬ್ ಸ್ಕ್ರೂಗಳು. ತಂತಿ ಬಿಚ್ಚಿ, ತುಕ್ಕಿಗೆ ಡಬ್ಲ್ಯುಡಿ-40ಯನ್ನು ಹತ್ತಿಯ ಕಡ್ಡಿಯಲ್ಲಿ ಹಚ್ಚಿ ರಾತ್ರಿಯಿಡೀ ಬಿಡಿ. ಸಿಂಪಡಿಸಬೇಡಿ, ಪಿಕಪ್ಪಿಗೂ ಮರಕ್ಕೂ ಇಳಿಯುತ್ತದೆ. ಬೆಳಗ್ಗೆ ಅಲೆನ್ ಕೀ ಹಾಕಿ ಮೊದಲು ಒಂದಿಷ್ಟು ಬಿಗಿಮಾಡುವ ಕಡೆಗೆ ತಿರುಗಿಸಿ, ಆಮೇಲೆ ಬಿಚ್ಚಿ. ಇಲ್ಲೊಂದು ಎಚ್ಚರ. ಏಷ್ಯಾದಲ್ಲಿ ತಯಾರಾದ ಗಿಟಾರ್‌ಗಳಲ್ಲಿ ಸಾಮಾನ್ಯವಾಗಿ 3 ಮಿಮೀ ಸ್ಕ್ರೂ, 1.5 ಮಿಮೀ ಕೀ. ಅಮೆರಿಕದವುಗಳಲ್ಲಿ ಇಂಚಿನ ಅಳತೆ, ಹಲವದಕ್ಕೆ 1/16 ಇಂಚಿನ ಕೀ ಬೇಕು. ಎರಡರ ನಡುವೆ ಕೂದಲೆಳೆಯ ಅಂತರ. ತಪ್ಪು ಕೀ ಒಳಗೆ ಕೂತಂತೆಯೇ ಕಾಣಿಸುತ್ತದೆ, ಬಲ ಹಾಕಿದಾಗ ಮೂಲೆಗಳನ್ನು ಸವೆಸಿ ಗುಂಡಗೆ ಮಾಡುತ್ತದೆ. ಒಮ್ಮೆ ಗುಂಡಗಾಯಿತೆಂದರೆ ಬಿಚ್ಚುವುದು ದೊಡ್ಡ ಪಾಡು. ಹೊಸ ಸ್ಕ್ರೂ ಸ್ಟೇನ್‌ಲೆಸ್ ಸ್ಟೀಲಿನದೇ ತನ್ನಿ, ಹಾರ್ಡ್‌ವೇರ್ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತವೆ. ಮರೆಗೆ ನೀಲಿ ಬಣ್ಣದ ಥ್ರೆಡ್ ಲಾಕರ್, ಅಂದರೆ ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು, ಒಂದು ಹನಿ ಸಾಕು. ಕೆಂಪು ಬೇಡ, ಅದು ಬಿಸಿ ಮಾಡದೆ ಬಿಡುವುದಿಲ್ಲ. ಸ್ಯಾಡಲ್‌ನ ಮರೆಯೇ ತಿಂದುಹೋಗಿದ್ದರೆ, ಅಥವಾ ತಳದ ತಗಡು ಗುಳ್ಳೆ ಎದ್ದು ಪದರ ಬಿಡುತ್ತಿದ್ದರೆ, ಆಗ ಹೊಸ ಬ್ರಿಡ್ಜಿಗೆ ನನ್ನ ಪೂರ್ಣ ಒಪ್ಪಿಗೆ.

12ನೇ ಫ್ರೆಟ್‌ನ ಅಪಶ್ರುತಿಯನ್ನು ಹೊಸ ತಂತಿ ಹಾಕಿ, ತಂತಿಯ ಎತ್ತರ ಸರಿಮಾಡಿದ ಮೇಲೆಯೇ ನೋಡಬೇಕು. ಹಳಸಿದ ತಂತಿ ಯಾವ ಬ್ರಿಡ್ಜಿನಲ್ಲೂ ಕೂಡುವುದಿಲ್ಲ, ಎತ್ತರ ಹೆಚ್ಚಿದ್ದರೆ ಒತ್ತಿದಾಗಲೇ ಸ್ವರ ಏರುತ್ತದೆ. ಒತ್ತಿ ಹಿಡಿದ ಸ್ವರ 12ನೇ ಫ್ರೆಟ್‌ನ ಹಾರ್ಮೋನಿಕ್‌ಗಿಂತ (ತಂತಿಯನ್ನು ಒತ್ತದೆ ಬರಿ ತಾಗಿಸಿ ಹುಟ್ಟಿಸುವ ಸ್ವರಕ್ಕಿಂತ) ಏರಿದ್ದರೆ ಸ್ಯಾಡಲ್ಲನ್ನು ಹಿಂದಕ್ಕೆ, ಹೆಡ್‌ಸ್ಟಾಕ್ ಕಡೆ ತಂತಿ ಕೂರುವ ನಟ್ ಎಂಬ ಪಟ್ಟಿಯಿಂದ ದೂರಕ್ಕೆ ಒಯ್ಯಬೇಕು. ಇಳಿದಿದ್ದರೆ ಮುಂದಕ್ಕೆ. 1951ರ ಮೊದಲ ಪ್ರಿಸಿಷನ್ ಬೇಸಿನಲ್ಲಿ ಸ್ಯಾಡಲ್ ಎರಡೇ ಇದ್ದವು, ಜೋಡಿ ತಂತಿಗೆ ಒಂದರಂತೆ. ಒಂದನ್ನು ಕೂಡಿಸಿದರೆ ಜೊತೆಯದು ಕೆಡುತ್ತಿತ್ತು. 1957ರಲ್ಲಿ ಫೆಂಡರ್ ತಂತಿಗೊಂದು ಸ್ಯಾಡಲ್ ಕೊಟ್ಟಿತು, ಆಗ ಈ ತಲೆನೋವು ಹೋಯಿತು. ನಿಮ್ಮಲ್ಲಿ ಸ್ಯಾಡಲ್ ಹಿಂದಿನ ಗೋಡೆಗೆ ತಾಗುವಷ್ಟು ಹೋಗಿಯೂ ಸ್ವರ ಏರಿಯೇ ಇದ್ದರೆ, ಆ ಸ್ಯಾಡಲ್ ಹಿಂದಿನ ಸ್ಪ್ರಿಂಗ್ ತೆಗೆದು ನೋಡಿ. ತಂತಿಯ ಸೆಳೆತವೇ ಸ್ಯಾಡಲ್ಲನ್ನು ಮುಂದಕ್ಕೆ ಎಳೆದು ಹಿಡಿದಿರುವುದರಿಂದ ಸ್ಪ್ರಿಂಗ್ ಇಲ್ಲದೆಯೂ ನಿಲ್ಲುತ್ತದೆ, ಮೂರು ನಾಲ್ಕು ಮಿಮೀ ಜಾಗ ಸಿಗುತ್ತದೆ. ಅದೂ ಸಾಲದಿದ್ದರೆ ಬ್ರಿಡ್ಜನ್ನೇ ತಪ್ಪು ಜಾಗದಲ್ಲಿ ಕೂರಿಸಿದ್ದಾರೆ ಎಂದರ್ಥ. ಹೆಸರಿಲ್ಲದ ನಕಲುಗಳಲ್ಲಿ ಇದನ್ನು ಕಂಡಿದ್ದೇನೆ. ಅಂಥ ಕಡೆ ಹೊಸ ತೂತು ತಪ್ಪಿದ್ದಲ್ಲ.

ಕೊಳ್ಳುವುದೇ ಎಂದಾದರೆ ಅಂಗಡಿಗೆ ಹೋಗುವ ಮೊದಲು ವರ್ನಿಯರ್ ಕ್ಯಾಲಿಪರ್ ಹಿಡಿದು ಕೂತುಕೊಳ್ಳಿ. ಇ ತಂತಿಯ ನಡುವಿನಿಂದ ಜಿ ತಂತಿಯ ನಡುವಿಗೆ ಸ್ಯಾಡಲ್ ಬಳಿ ಎಷ್ಟಿದೆ ನೋಡಿ. 57 ಮಿಮೀ ಇದ್ದರೆ ತಂತಿ ತಂತಿಗೆ 19 ಮಿಮೀ, ಫೆಂಡರ್ ನಮೂನೆಯಲ್ಲಿ ಬಹಳ ಕಡೆ ಇದೇ. 18 ಅಥವಾ 20 ಇರುವವೂ ಇವೆ. ಜಾಝ್ ಬೇಸಿನ ಪಿಕಪ್ಪಿನಲ್ಲಿ ಪ್ರತಿ ತಂತಿಗೆ ಎರಡು ಅಯಸ್ಕಾಂತದ ಕಂಬಗಳಿದ್ದು ತಂತಿ ಅವುಗಳ ನಡುವೆ ಹಾಯುತ್ತದೆ. ಅಗಲ ತಪ್ಪಿದರೆ ಅಂಚಿನ ತಂತಿಗಳು ಜಾಗ ಬಿಟ್ಟು ಸರಿಯುತ್ತವೆ, ಜಿ ತಂತಿ ನೆಕ್‌ನ ಅಂಚಿನಿಂದ ಜಾರುವಷ್ಟು ಹೊರಗೆ ಬರುವುದೂ ಉಂಟು. ಆಮೇಲೆ ಬ್ರಿಡ್ಜ್ ಬಿಚ್ಚಿ, ಬಿಳಿ ಹಾಳೆಯನ್ನು ರಂಧ್ರಗಳ ಮೇಲಿಟ್ಟು ಪೆನ್ಸಿಲ್ ಉಜ್ಜಿ ನಕ್ಷೆ ತೆಗೆಯಿರಿ. ಫೆಂಡರಿನ ಹಳೆಯ ಐದು ರಂಧ್ರದ ನಕ್ಷೆಗೆ ಅದು ಕೂಡಿದರೆ ನಿಮ್ಮ ಅದೃಷ್ಟ, ಜಪಾನಿನ ಗೊಟೊ 201, ಅಮೆರಿಕದ ಹಿಪ್‌ಶಾಟ್ ಕಿಕ್‌ಆಸ್ ಮುಂತಾದವು ಕೊರೆಯದೆಯೇ ಕೂರುವಂತೆ ಮಾಡಿದವು. ಆದರೆ ನಕಲು ಗಿಟಾರಿನಲ್ಲಿ ರಂಧ್ರ ಒಂದು ಮಿಮೀ ಆಚೀಚೆ ಇರುವುದು ಸಾಮಾನ್ಯ. ‘ಎಲ್ಲ ಜಾಝ್ ಬೇಸಿಗೂ ಹೊಂದುತ್ತದೆ’ ಎಂಬ ಪೆಟ್ಟಿಗೆಯ ಮೇಲಿನ ಬರಹ ನಂಬಬೇಡಿ. ನಿಮ್ಮ ಕಾಗದದ ನಕ್ಷೆಯನ್ನು ನಂಬಿ.

ಜನ ಮರೆಯುವ ಅಳತೆ ಎತ್ತರದ್ದು. ಬಾಗಿಸಿದ ತಗಡಿನ ತಳ ಎರಡು ಮಿಮೀ ಆಸುಪಾಸು. ಭಾರದ ಬ್ರಿಡ್ಜಿನ ತಳ ಅದರ ದುಪ್ಪಟ್ಟೋ ಇನ್ನೂ ಹೆಚ್ಚೋ ಇರಬಹುದು. ನಿಮ್ಮ ಈಗಿನ ಸ್ಯಾಡಲ್‌ಗಳು ಈಗಾಗಲೇ ತಳ ಮುಟ್ಟುವಂತೆ ಕೂತಿದ್ದರೆ, ಹೊಸದರಲ್ಲಿ ತಂತಿ ಮೇಲೇ ನಿಂತುಬಿಡುತ್ತದೆ, ಇಳಿಸಲು ಜಾಗವೇ ಇರುವುದಿಲ್ಲ. ಆಗ ನೆಕ್ ಬಿಚ್ಚಿ, ನೆಕ್ ಕೂರುವ ಗುಳಿಯಲ್ಲಿ ಪಿಕಪ್ ಕಡೆಯ ತುದಿಗೆ ತೆಳು ತುಂಡೊಂದನ್ನು ಇಟ್ಟು ನೆಕ್ ಹಿಂದಕ್ಕೆ ಬಾಗುವಂತೆ ಮಾಡಬೇಕು. ಅರ್ಧ ಮಿಮೀ ತುಂಡು ಬ್ರಿಡ್ಜಿನ ಬಳಿ ಎರಡು ಮಿಮೀ ಆಸುಪಾಸಿನ ವ್ಯತ್ಯಾಸ ತರುತ್ತದೆ. ಹೀಗೆ ತುಂಡು ಇಟ್ಟರೆ ನಾದ ಕೆಡುತ್ತದೆ ಅನ್ನುವುದೂ ಒಂದು ಮೂಢನಂಬಿಕೆಯೇ. ಅಡಿ ಪೂರಾ ತುಂಬುವಂತೆ ಇಳಿಜಾರಾಗಿ ಕೆತ್ತಿದ ಮರದ ಹಾಳೆ ಇಟ್ಟರೆ ಏನೂ ಆಗದು. ಆದರೆ ಅದು ಇನ್ನೊಂದು ಕೆಲಸ, ಇನ್ನೊಂದು ಖರ್ಚು. ಬ್ರಿಡ್ಜ್ ಕೊಳ್ಳುವಾಗಲೇ ಲೆಕ್ಕಕ್ಕೆ ತೆಗೆದುಕೊಳ್ಳಿ.

ಭಾರದ ಬ್ರಿಡ್ಜಿನ ಪರವಾಗಿ ಒಂದು ಮಾತು ಹೇಳಲೇಬೇಕು. ನಿಮ್ಮ ಗಿಟಾರಿನ ಹೆಡ್‌ಸ್ಟಾಕ್ ಕೈ ಬಿಟ್ಟೊಡನೆ ನೆಲದ ಕಡೆ ಜೋಲುತ್ತಿದ್ದರೆ ಬಾಲದಲ್ಲಿ ಸೇರಿದ ತೂಕ ಅದನ್ನು ಸ್ವಲ್ಪ ಎತ್ತಿಹಿಡಿಯುತ್ತದೆ, ಮೂರು ಗಂಟೆ ನಿಂತು ನುಡಿಸುವವರ ಎಡಗೈಗೆ ಅದು ಸಣ್ಣ ಉಪಕಾರವಲ್ಲ. ಪಕ್ಕಗಳಿಗೆ ಗೋಡೆಯಿರುವ, ಸ್ಯಾಡಲ್ ಅತ್ತಿತ್ತ ಸರಿಯದ ರಚನೆಯೂ ಒಳ್ಳೆಯದು. ತಗಡಿನ ಬ್ರಿಡ್ಜುಗಳಲ್ಲಿ, ಅದರಲ್ಲೂ ಸ್ಯಾಡಲ್ ಮೇಲೆ ಸ್ಕ್ರೂವಿನಂತೆ ಸಾಲು ಗೀರುಗಳಿರುವ ಹಳೆಯ ನಮೂನೆಯಲ್ಲಿ, ಜೋರಾಗಿ ಹೊಡೆದರೆ ತಂತಿ ಪಕ್ಕದ ಗೀರಿಗೆ ಹಾರುತ್ತದೆ. ಕೆಲವು ಭಾರದ ಬ್ರಿಡ್ಜುಗಳ ಸ್ಯಾಡಲ್ ಗೀರಿಲ್ಲದೆ ಬೋಳಾಗಿ ಬರುತ್ತವೆ, ತಂತಿಗೆ ತಕ್ಕ ಗೀರನ್ನು ನಾವೇ ಅರದಿಂದ ಹಾಕಬೇಕು. ಮೊದಲ ಸಲ ಮಾಡುವವರಿಗೆ ಅದು ಬೇಡ. ನಿಮ್ಮ ಊರಿನ ಹವೆಗೆ ಹಿತ್ತಾಳೆ ಅಥವಾ ಸ್ಟೇನ್‌ಲೆಸ್ ಸ್ಟೀಲ್ ಸ್ಯಾಡಲ್ ನೋಡಿಕೊಳ್ಳಿ. ಸತುವಿನ ಎರಕದ ಮೇಲೆ ಕ್ರೋಮ್ ಬಳಿದ ಅಗ್ಗದ ಮಾಲು ಕಡಲ ಗಾಳಿಗೆ ಬೇಗ ಗುಳ್ಳೆ ಏಳುತ್ತದೆ.

ನನ್ನನ್ನು ಕೇಳಿದರೆ ನಿಮ್ಮ ಗಿಟಾರಿಗೆ ನಡುದಾರಿಯೇ ಸರಿ: ಹಳೆಯ ರಂಧ್ರಗಳಿಗೆ ಕೂರುವ, 19 ಮಿಮೀ ಅಗಲದ, ಹಿತ್ತಾಳೆ ಸ್ಯಾಡಲ್‌ನ, ತೀರಾ ದಪ್ಪವಲ್ಲದ ತಳದ ಬ್ರಿಡ್ಜ್.

ರಂಧ್ರ ಕೂಡಿದರೆ ನೀವೇ ಹಾಕಬಹುದು, ಒಂದು ಮಧ್ಯಾಹ್ನದ ಕೆಲಸ. ಬಿಚ್ಚುವ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ, 12ನೇ ಫ್ರೆಟ್ ಮೇಲೆ ತಂತಿಯ ಎತ್ತರ ಬರೆದಿಟ್ಟುಕೊಳ್ಳಿ. ತಂತಿಗಳನ್ನು ಒಂದೇ ಸಲ ಕತ್ತರಿಸಬೇಡಿ, ಸುತ್ತು ಸುತ್ತಾಗಿ ಸಡಿಲಿಸಿ. ತುಕ್ಕು ಹಿಡಿದು ಬಾರದ ಸ್ಕ್ರೂ ತಲೆಯ ಮೇಲೆ ಬಿಸಿ ಸೋಲ್ಡರಿಂಗ್ ಐರನ್ ತುದಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದು ಆಮೇಲೆ ತಿರುಗಿಸಿದರೆ ಬಹಳ ಸಲ ಬರುತ್ತದೆ. ಜಬರದಸ್ತಿಗೆ ತಲೆ ಮುರಿದರೆ ಮರದೊಳಗಿನ ತುಂಡು ತೆಗೆಯಲು ಸುತ್ತ ಕೊರೆಯಬೇಕಾಗುತ್ತದೆ.

ಬ್ರಿಡ್ಜ್ ಮೇಲೆತ್ತಿದಾಗ ಅದರಡಿ ಬಣ್ಣದ ಮೇಲೆ ತುಕ್ಕಿನ ಚೌಕ, ಅದರ ನಡುವೆ ಸಣ್ಣ ರಂಧ್ರದಿಂದ ಹೊರಬಂದು ಚಪ್ಪಟೆಯಾಗಿ ಮಲಗಿದ ಬರಿ ತಾಮ್ರದ ತಂತು ಕಾಣುತ್ತದೆ. ಅದೇ ಅರ್ಥ್ ವೈರ್. ಕಪ್ಪಗಾಗಿದ್ದರೆ ಹೊಳೆಯುವವರೆಗೆ ಸ್ಯಾಂಡ್‌ಪೇಪರಿನಿಂದ ಉಜ್ಜಿ, ಹೊಸ ಬ್ರಿಡ್ಜಿನ ತಳದಲ್ಲಿ ಅದು ತಾಗುವ ಜಾಗಕ್ಕೆ ಲ್ಯಾಕರ್ ಇದ್ದರೆ ಅದನ್ನೂ ಉಗುರಿನಷ್ಟು ಕೆರೆಯಿರಿ. ಈ ತಂತು ಬ್ರಿಡ್ಜಿಗೆ ಮುಟ್ಟದೆ ಹೋಗಿ, ಹೊಸ ಬ್ರಿಡ್ಜ್ ಹಾಕಿದ ಮೇಲೆ ಸದ್ದು ಹೆಚ್ಚಾಯಿತೆಂದು ಹಿಂದಿರುಗಿ ಬಂದವರಿದ್ದಾರೆ. ಈಎಂಜಿ ಕಂಪನಿಯದರಂಥ, ಬ್ಯಾಟರಿಯಿಂದ ನಡೆಯುವ ಆಕ್ಟಿವ್ ಪಿಕಪ್ ಇರುವ ಗಿಟಾರಿನಲ್ಲಿ ಈ ತಂತು ಇಲ್ಲದೆಯೂ ಇರಬಹುದು, ಗಾಬರಿ ಬೇಡ.

ನಿಮ್ಮ ಗುಂಯ್ ಸದ್ದು ತಂತಿ ಮುಟ್ಟಿದಾಗ ನಿಲ್ಲುತ್ತದೆ ಎಂದರೆ ಈ ತಂತು ಸರಿಯಾಗಿದೆ ಎಂದೇ ಅರ್ಥ. ಸದ್ದನ್ನು ಹೆಚ್ಚಾಗಿ ಹಿಡಿಯುವುದು ಜಾಝ್ ಬೇಸಿನ ಸಿಂಗಲ್ ಕಾಯಿಲ್, ಅಂದರೆ ಒಂದೇ ಸುರುಳಿಯ, ಪಿಕಪ್ ಮತ್ತು ಅದರ ವೈರಿಂಗ್. ಎರಡೂ ವಾಲ್ಯೂಮ್ ಸಮನಾಗಿ ತೆರೆದು ನೋಡಿ, ಬಹುತೇಕ ಜಾಝ್ ಬೇಸುಗಳಲ್ಲಿ ಸದ್ದು ಅಲ್ಲಿಗೇ ತಗ್ಗುತ್ತದೆ. ಹಾಗೆಯೇ ಒಂದು ಜೀವದ ಮಾತು. ಆ ತಂತಿನ ಮೂಲಕ ನಿಮ್ಮ ಬೆರಳು ಆಂಪ್‌ನ ಲೋಹದ ಮೈಗೆ ಜೋಡಿಸಿಕೊಂಡಿರುತ್ತದೆ. ಪೆಂಡಾಲಿನಲ್ಲಿ ಅರ್ಥ್ ಪಿನ್ ಮುರಿದ ಎಕ್ಸ್‌ಟೆನ್ಷನ್ ಬೋರ್ಡಿಗೆ ಆಂಪ್, ಬೇರೆ ಲೈನಿಗೆ ಮೈಕ್ ಹಾಕಿದ್ದರೆ, ತಂತಿ ಹಿಡಿದು ಮೈಕಿಗೆ ತುಟಿ ತಾಗಿಸಿದಾಗ ಶಾಕ್ ಹೊಡೆಯಬಹುದು, 230 ವೋಲ್ಟಿನ ಪೂರಾ ಶಾಕ್ ಕೂಡ. ಶಾಕ್ ತಪ್ಪಿಸಲೆಂದು ಬ್ರಿಡ್ಜಿನ ತಂತು ಕತ್ತರಿಸುವವರನ್ನು ನೋಡಿದ್ದೇನೆ, ದಯವಿಟ್ಟು ಹಾಗೆ ಮಾಡಬೇಡಿ. ವೇದಿಕೆ ಹತ್ತುವ ಮೊದಲು ಎಲೆಕ್ಟ್ರಿಷಿಯನ್‌ಗೆ ಹೇಳಿ ಅರ್ಥಿಂಗ್ ಪರೀಕ್ಷೆ ಮಾಡಿಸಿ.

ತೂತು ಕೊರೆಯಲೇಬೇಕಾದರೆ ಅವಸರ ಬೇಡ. ಹೊಸ ರಂಧ್ರ ಹಳೆಯದರ ಅಂಚಿಗೆ ಬೀಳುವಂತಿದ್ದರೆ ಡ್ರಿಲ್ ಜಾರಿ ಹಳೆಯ ತೂತಿಗೇ ಇಳಿಯುತ್ತದೆ. ಅದಕ್ಕೇ ಮೊದಲು ಹಳೆಯ ರಂಧ್ರಗಳಿಗೆ ತೇಗದಂಥ ಗಟ್ಟಿ ಮರದ ಗೂಟ ಕೆತ್ತಿ, ಫೆವಿಕಾಲ್ ಹಚ್ಚಿ ಬಡಿದು, ಒಂದು ದಿನ ಒಣಗಲು ಬಿಡಿ. ಆಮೇಲೆ ಜಾಗ ಗುರುತಿಸುವುದು. ನಟ್‌ನ ಅಂಚಿನಿಂದ 12ನೇ ಫ್ರೆಟ್‌ಗೆ ಎಷ್ಟಿದೆಯೋ ಅದರ ಎರಡರಷ್ಟು ನಿಮ್ಮ ಸ್ಕೇಲ್, ಅಂದರೆ ತಂತಿ ನುಡಿಯುವ ಉದ್ದ. 34 ಇಂಚಿನ ಬೇಸಿನಲ್ಲಿ 432ರ ಎರಡರಷ್ಟು, 864 ಮಿಮೀ. ಜಿ ಸ್ಯಾಡಲ್ಲನ್ನು ಅದರ ಓಡಾಟದ ಮುಂತುದಿಯ ಹತ್ತಿರ ತಂದು 864ರ ಗೆರೆಗೆ ಸರಿಯಾಗಿ ಇಟ್ಟರೆ, ಎಲ್ಲ ಸ್ಯಾಡಲ್‌ಗಳಿಗೂ ಹಿಂದೆ ಸರಿಯಲು ಜಾಗ ಉಳಿಯುತ್ತದೆ. ಜಿ ಕೊನೆಗೆ ಎರಡು ಮೂರು ಮಿಮೀ ಹಿಂದೆ ನಿಲ್ಲುತ್ತದೆ, ಇ ಇನ್ನೂ ಐದಾರು ಮಿಮೀ ಹಿಂದೆ.

ಅಡ್ಡಕ್ಕೆ ಸರಿ ಇದೆಯೇ ಎಂದು ನೋಡಲು ನಾನು ಈಗಲೂ ದಾರವನ್ನೇ ಬಳಸುತ್ತೇನೆ. ಕಪ್ಪು ಹೊಲಿಗೆ ದಾರವನ್ನು ನಟ್‌ನ ಇ ಗೀರಿನಿಂದ ಇ ಸ್ಯಾಡಲ್‌ಗೆ, ಇನ್ನೊಂದನ್ನು ಜಿ ಗೀರಿನಿಂದ ಜಿ ಸ್ಯಾಡಲ್‌ಗೆ ಬಿಗಿಯಾಗಿ ಎಳೆದು ಟೇಪ್ ಅಂಟಿಸಿ. ನೆಕ್‌ನ ಕೊನೆಯ ಫ್ರೆಟ್‌ಗಳ ಹತ್ತಿರ ಎರಡೂ ದಾರಗಳು ಅಂಚಿನಿಂದ ಒಂದೇ ದೂರದಲ್ಲಿರಬೇಕು. ಬ್ರಿಡ್ಜನ್ನು ಕೂದಲಷ್ಟು ಎಡಕ್ಕೆ ಬಲಕ್ಕೆ ಸರಿಸುತ್ತ, ದಾರದ ನೆರಳು ಎರಡೂ ಬದಿಗೆ ಸಮ ಬಿದ್ದಾಗ ನಿಲ್ಲಿಸಿ, ಮಾಸ್ಕಿಂಗ್ ಟೇಪಿನ ಮೇಲೆ ರಂಧ್ರಗಳನ್ನು ಗುರುತಿಸಿ. ಮೊಳೆಯಿಂದ ಸಣ್ಣ ಚುಕ್ಕೆ ಕುಟ್ಟಿ. ಗುರುತಾದ ಮೇಲೆ ಅರ್ಧ ಗಂಟೆ ಬಿಟ್ಟು ಬಂದು ಮತ್ತೊಮ್ಮೆ ಅಳೆಯಿರಿ.

ಡ್ರಿಲ್ ಬಿಟ್ ಸ್ಕ್ರೂವಿನ ಮರೆ ಬಿಟ್ಟು ನಡುಗಂಬದಷ್ಟೇ ದಪ್ಪ ಇರಬೇಕು, ಆಳಕ್ಕೆ ಬಿಟ್ಟಿಗೇ ಟೇಪಿನ ಬಾವುಟ ಸುತ್ತಿ. ಗಟ್ಟಿ ಪಾಲಿಯೆಸ್ಟರ್ ಬಣ್ಣ ಸೀಳುತ್ತದೆ. ಕಲಿಕೆಯ ದಿನಗಳಲ್ಲಿ ಗಿರಾಕಿಯೊಬ್ಬರ ಕಪ್ಪು ಬೇಸಿನ ಮೇಲೆ ಆತುರಕ್ಕೆ ಸ್ಕ್ರೂ ನೇರವಾಗಿ ಬಿಗಿದು, ನಕ್ಷತ್ರದಂತೆ ಬಿರುಕು ಹರಡಿದ್ದು ಇವತ್ತಿಗೂ ಕಣ್ಣ ಮುಂದಿದೆ. ಅಂದಿನಿಂದ ಬಣ್ಣದ ಪದರ ದಾಟುವವರೆಗೆ ಡ್ರಿಲ್ಲನ್ನು ಹಿಮ್ಮುಖವಾಗಿ ಓಡಿಸುತ್ತೇನೆ, ರಂಧ್ರದ ಬಾಯನ್ನು ತುಸು ಅಗಲ ಮಾಡುತ್ತೇನೆ, ಸ್ಕ್ರೂವಿಗೆ ಮೇಣದ ಬತ್ತಿ ಉಜ್ಜಿ ಕೈಯಿಂದಲೇ ಬಿಗಿಯುತ್ತೇನೆ. ಇಷ್ಟು ಓದಿ ಕೈ ನಡುಗಿದರೆ ಕೊರೆಯುವ ಕೆಲಸವನ್ನಷ್ಟೇ ಗಿಟಾರ್ ರಿಪೇರಿ ಬಲ್ಲವರಿಗೆ ಕೊಡಿ, ಮಿಕ್ಕದ್ದು ನೀವೇ ಮಾಡಿ.

ತಂತಿ ಹಾಕಿದ ಮೇಲೆ ಮೊದಲು ನೆಕ್‌ನ ಬಾಗು. ಇ ತಂತಿಯನ್ನು 1ನೇ ಫ್ರೆಟ್‌ನಲ್ಲೂ ಕೊನೆಯ ಫ್ರೆಟ್‌ನಲ್ಲೂ ಒಟ್ಟಿಗೆ ಒತ್ತಿದಾಗ ನಡುವೆ, 7-8ನೇ ಫ್ರೆಟ್ ಬಳಿ, ಸುಮಾರು 0.3 ಮಿಮೀ ಸಂದಿರಬೇಕು, ವಿಸಿಟಿಂಗ್ ಕಾರ್ಡ್ ತೂರುವಷ್ಟು. ಹೆಚ್ಚುಕಮ್ಮಿ ಇದ್ದರೆ ನೆಕ್ ಒಳಗಿನ ಟ್ರಸ್ ರಾಡ್ ಎಂಬ ಲೋಹದ ಸರಳನ್ನು ಕಾಲು ಸುತ್ತಿಗಿಂತ ಹೆಚ್ಚು ಒಮ್ಮೆಲೇ ತಿರುಗಿಸಬೇಡಿ. ಆಮೇಲೆ ಎತ್ತರ. 12ನೇ ಫ್ರೆಟ್‌ನಲ್ಲಿ ಇ ತಂತಿಗೆ 2.5, ಜಿ ತಂತಿಗೆ 2 ಮಿಮೀಯಿಂದ ನಾನು ಶುರು ಮಾಡುತ್ತೇನೆ. ನೀವು ಜೋರಾಗಿ ನುಡಿಸುವವರಾದರೆ ಸ್ವಲ್ಪ ಹೆಚ್ಚಿಡಿ. ಇಂಟೊನೇಷನ್ ಎಲ್ಲಕ್ಕಿಂತ ಕೊನೆಗೆ. ಸ್ಯಾಡಲ್ ಹಿಂದಕ್ಕೆ ಒಯ್ಯುವಾಗ ತಂತಿಯನ್ನು ತುಸು ಸಡಿಲಿಸಿಕೊಳ್ಳಿ, ಇಲ್ಲವಾದರೆ ಹೊಸ ಸ್ಕ್ರೂವಿನ ತಲೆ ಸವೆಯುತ್ತದೆ.

ಹೊಸ ತಂತಿ ಕೆಲವು ದಿನ ಹಿಗ್ಗುತ್ತದೆ, ಮರದಲ್ಲಿ ಸ್ಕ್ರೂ ಕೂತುಕೊಳ್ಳುತ್ತದೆ. ವಾರ ಬಿಟ್ಟು ಐದೂ ಸ್ಕ್ರೂಗಳನ್ನು ಕೈಯಲ್ಲಿ ಮುಟ್ಟಿ ನೋಡಿ, ಇಂಟೊನೇಷನ್ ಇನ್ನೊಮ್ಮೆ ಕೂಡಿಸಿ. ಅಲ್ಲಿಂದಾಚೆ ಪ್ರತಿ ಕಾರ್ಯಕ್ರಮದ ಬಳಿಕ ಒಣ ಬಟ್ಟೆಯಿಂದ ಬ್ರಿಡ್ಜ್ ಒರೆಸಿ ಚೀಲಕ್ಕೆ ಹಾಕಿ. ತಿಂಗಳಿಗೊಮ್ಮೆ, ಮಳೆಗಾಲದಲ್ಲಿ ಎರಡು ಸಲ, ಹೊಲಿಗೆ ಯಂತ್ರದ ಎಣ್ಣೆಯನ್ನು ಸೂಜಿಯ ಮೊನೆಯಲ್ಲಿ ಒಂದೊಂದು ಹನಿ ಗ್ರಬ್ ಸ್ಕ್ರೂಗಳ ತಲೆಗೂ ಹಿಂದಿನ ಉದ್ದ ಸ್ಕ್ರೂಗಳಿಗೂ ಬಿಡಿ. ನೀಲಿ ಥ್ರೆಡ್ ಲಾಕರ್ ಹಾಕಿದ ಮರೆಗೆ ಮಾತ್ರ ಎಣ್ಣೆ ಇಳಿಯದಿರಲಿ.